ಗಾಳಿಯೊಳಗಿನ ಗಂಧದ ತೂಕ

ಆದೋನಿಯ ಚರಿತ್ರೆಯನ್ನು ಬರೆಯಲು ಕುಳಿತವರು ಕೋಟೆಯಿಂದ ಆರಂಭಿಸುವುದು ವಾಡಿಕೆ. ವಿಜಯನಗರದ ಅರಸರು, ಬಿಜಾಪುರದ ಆದಿಲಶಾಹಿಗಳು, ಮಂಚಾಲೆ ಗ್ರಾಮವನ್ನು ಶ್ರೀ ರಾಘವೇಂದ್ರ ಸ್ವಾಮಿಗಳಿಗೆ ಒಪ್ಪಿಸಿದನೆಂದು ಪರಂಪರೆ ಹೇಳುವ ಸಿದ್ದಿ ಮಸೂದ್ ಖಾನ್, ಅನಂತರ ಮೊಗಲರು, ಬಸಾಲತ್ ಜಂಗ್, 1786ರಲ್ಲಿ ಕೋಟೆಯನ್ನು ಹಿಡಿದ ಟಿಪ್ಪು ಸುಲ್ತಾನ, 1800ರಲ್ಲಿ ಈ ಸೀಮೆಯನ್ನು ಪಡೆದ ಕಂಪನಿ ಸರ್ಕಾರ, ಕಂದಾಯ ನಿಗದಿ ಮಾಡಿದ ಥಾಮಸ್ ಮನ್ರೋ, ಕೊನೆಗೆ 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆದೋನಿ, ಆಲೂರು ತಾಲ್ಲೂಕುಗಳು ಕರ್ನೂಲಿಗೂ ರಾಯದುರ್ಗ ಅನಂತಪುರಕ್ಕೂ ಸೇರಿದ ವೃತ್ತಾಂತ: ಇವೆಲ್ಲವೂ ನಮ್ಮ ಸ್ಮರಣ ಸಂಚಿಕೆಗಳಲ್ಲಿ ಹಲವು ಸಲ ಬಂದಿವೆ, ಬರಬೇಕಾದವೇ. ನಾನು ಈ ಸಲ ಬರೆಯಹೊರಟಿರುವುದು ಶಾಸನವಿಲ್ಲದ, ಕೈಫಿಯತ್ತಿಲ್ಲದ ಒಂದು ವಸ್ತುವಿನ ಚರಿತ್ರೆಯನ್ನು. ಗಿಡಮರಗಳು ಹಗಲಿರುಳೂ ಗಾಳಿಗೆ ಬಿಡುತ್ತಿರುವ ಆವಿಗಳನ್ನು ಮನುಷ್ಯನು ತೂಗಲು ಕಲಿತ ಬಗೆ ಅದು. ಹತ್ತಿಯನ್ನೇ ನಂಬಿ ಬದುಕುವ ಊರಿನವರಿಗೆ ಈ ಚರಿತ್ರೆ ದೂರದ್ದಲ್ಲ ಎಂಬುದು ಓದುತ್ತ ಹೋದಂತೆ ತಿಳಿದೀತು.

ವಿಜ್ಞಾನಿಗಳು ಈ ಆವಿಗಳನ್ನು ಬಾಷ್ಪಶೀಲ ಸಾವಯವ ಸಂಯುಕ್ತಗಳೆಂದು ಕರೆಯುತ್ತಾರೆ. ಈ ಪದವನ್ನು ಒಮ್ಮೆ ಕಪ್ಪುಹಲಗೆಯ ಮೇಲೆ ಬರೆದು ಅರ್ಥ ಕೇಳಿದಾಗ, ಹಿಂದಿನ ಬೆಂಚಿನ ಹುಡುಗನೊಬ್ಬ “ಹಾರೋ ಎಣ್ಣೆ ಸಾರ್” ಎಂದ. ಪಠ್ಯಪುಸ್ತಕ ಬರೆಯುವವರಿಗೆ ಹೊಳೆಯದ ಮಾತು ಅದು. ತುಳಸಿಯ ಎಲೆಯನ್ನು ಹೊಸಕಿದಾಗ, ಕಿತ್ತಳೆಯ ಸಿಪ್ಪೆಯನ್ನು ಹಿಂಡಿದಾಗ, ಹತ್ತಿಯ ಎಲೆಯನ್ನು ಬೆರಳುಗಳ ನಡುವೆ ತಿಕ್ಕಿದಾಗ ಮೂಗಿಗೆ ತಾಗುವುದು ಹಾರುವ ಎಣ್ಣೆಯೇ. ಆದರೆ ಮೂಗಿಗೆ ತಾಗದ ಹಾರುವ ಎಣ್ಣೆಗಳೂ ಇವೆ. ಅವುಗಳ ಪ್ರಮಾಣವೇ ಹೆಚ್ಚು. ಅದಕ್ಕಾಗಿಯೇ ಅಳತೆ ಬೇಕಾಯಿತು.

ನಮ್ಮ ಪೂರ್ವಿಕರು ಇದನ್ನು ಯೋಚಿಸದೆ ಬಿಟ್ಟವರಲ್ಲ. ನ್ಯಾಯ-ವೈಶೇಷಿಕ ದರ್ಶನದಲ್ಲಿ ಗಂಧವು ಪೃಥಿವಿಯ ಗುಣ. ವಾಯುವಿಗೆ ಸ್ಪರ್ಶವುಂಟು, ಗಂಧವಿಲ್ಲ. ಹಾಗಾದರೆ ಗಾಳಿಯಲ್ಲಿ ಮಲ್ಲಿಗೆಯ ಕಂಪು ಬರುವುದು ಹೇಗೆ ಎಂಬ ಪ್ರಶ್ನೆಗೆ ಆ ಶಾಸ್ತ್ರದವರು ಕೊಟ್ಟ ಉತ್ತರ: ಹೂವಿನ ಪಾರ್ಥಿವ ಕಣಗಳನ್ನು ಗಾಳಿ ಹೊತ್ತು ತರುತ್ತದೆ. ಎಂದರೆ ಗಂಧ ಎಂಬುದು ವಸ್ತು, ಬರಿಯ ಅನುಭವವಲ್ಲ. ವಸ್ತುವಾದ ಮೇಲೆ ತೂಕ ಇರಲೇಬೇಕು. ತಕ್ಕಡಿ ಮಾತ್ರ ಇರಲಿಲ್ಲ.

ಮೊದಲ ತಕ್ಕಡಿಯಂತಹುದನ್ನು ಕಟ್ಟಿದವನು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಜಾನ್ ಟಿಂಡಲ್. 1860ರ ದಶಕದ ಆರಂಭದಲ್ಲಿ ಆತ ಸುಗಂಧ ತೈಲದಲ್ಲಿ ಅದ್ದಿದ ಕಾಗದದ ಸುರುಳಿಯ ಮೂಲಕ ಒಣಗಾಳಿಯನ್ನು ಹಾಯಿಸಿ, ಆ ಗಾಳಿಯನ್ನು ಉದ್ದನೆಯ ಕೊಳವೆಯಲ್ಲಿ ತುಂಬಿ, ಶಾಖದ ಕಿರಣವನ್ನು ಅದು ಎಷ್ಟು ಹೀರುತ್ತದೆಂದು ನೋಡಿದ. ಬರಿಯ ಗಾಳಿ ಹೀರುವುದನ್ನು 1 ಎಂದು ಇಟ್ಟುಕೊಂಡರೆ ಶ್ರೀಗಂಧದ ಕಂಪು ಬೆರೆತ ಗಾಳಿ 32ರಷ್ಟನ್ನೂ ಗುಲಾಬಿ ಅತ್ತರಿನದು ಮೂವತ್ತಾರೂವರೆಯಷ್ಟನ್ನೂ ಸೋಂಪಿನದು 372ರಷ್ಟನ್ನೂ ಹೀರಿತು. ಯಾವ ತಕ್ಕಡಿಗೂ ಸಿಗದಷ್ಟು ಅಲ್ಪವಾದ ಕಂಪು ಶಾಖದ ಹಾದಿಯಲ್ಲಿ ಇಷ್ಟು ದೊಡ್ಡ ತಡೆಯಾಗಬಲ್ಲದೆಂಬುದು ಅಂದಿನವರಿಗೆ ಬೆರಗು. ಅದೇ ಟಿಂಡಲ್ ಆ ದಶಕದ ಕೊನೆಯಲ್ಲಿ, ಕೆಲವು ಆವಿಗಳಿಗೆ ಬಲವಾದ ಬೆಳಕು ಬಿಟ್ಟಾಗ ಅತಿಸೂಕ್ಷ್ಮ ಕಣಗಳ ನೀಲಿ ಮೋಡ ಹುಟ್ಟುವುದನ್ನೂ ತೋರಿಸಿದ. ಈ ನೀಲಿ ಮೋಡವನ್ನು ವಾಚಕರು ನೆನಪಿನಲ್ಲಿಡಬೇಕು. ತೊಂಬತ್ತು ವರ್ಷಗಳ ಮೇಲೆ ಅದು ಮತ್ತೆ ಬರುತ್ತದೆ.

ಶ್ರೀಗಂಧದ ಮಾತು ಬಂದುದರಿಂದ ಕನ್ನಡನಾಡಿನ ಪಾಲನ್ನು ಹೇಳಬೇಕು. ನಮ್ಮ ಕೋಟೆಯನ್ನು ಹಿಡಿದ ಟಿಪ್ಪು ಸುಲ್ತಾನನೇ ಮುಂದೆ 1792ರಲ್ಲಿ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದವನು. ಮೈಸೂರಿನ ಗಂಧದ ಕೊರಡು ಹರಾಜಾಗಿ ಹಡಗೇರಿ ಬಹುಪಾಲು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರ ಮಹಾಯುದ್ಧದಿಂದ ಆ ದಾರಿ ಮುಚ್ಚಿತು. ನಾಲ್ವಡಿ ಕೃಷ್ಣರಾಜ ಒಡೆಯರು ಅರಸರು, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರು, ಆಲ್‌ಫ್ರೆಡ್ ಚಾಟರ್ಟನ್ ಕೈಗಾರಿಕೆಯ ಹೊಣೆ ಹೊತ್ತವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಂಬ ಪ್ರಾಧ್ಯಾಪಕರು ಗಂಧವನ್ನು ಇಲ್ಲಿಯೇ ಬಟ್ಟಿ ಇಳಿಸುವ ಕ್ರಮವನ್ನು ಸಾಧಿಸಿಕೊಟ್ಟರು. 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆ ಬಂದಿತು. ಅದೇ ಸಂಸ್ಥೆಯಿಂದ 1925ರಲ್ಲಿ ಬಿ. ಸಂಜೀವರಾಯರು ಈ ಇಬ್ಬರೊಡನೆ ಸೇರಿ ಭಾರತದ ಹಲವು ಸಾರತೈಲಗಳ ಗುಣಲಕ್ಷಣಗಳನ್ನು ಪ್ರಕಟಿಸಿದರು. ಆ ವರ್ಷವೇ ಸಂಸ್ಥೆಗೆ ಬಂದ ಜೆ. ಎಲ್. ಸೈಮನ್‌ಸನ್ ಮುಂದೆ ಟರ್ಪೀನುಗಳ ಕುರಿತು ಬಹುಸಂಪುಟಗಳ ಗ್ರಂಥವನ್ನೇ ಬರೆದರು. ಟರ್ಪೀನ್ ಎಂದರೆ ಹಾರುವ ಎಣ್ಣೆಗಳ ದೊಡ್ಡ ಮನೆತನ. ಕರ್ಪೂರದ, ನಿಂಬೆಹುಲ್ಲಿನ, ಗಂಧದ ಕಂಪುಗಳೆಲ್ಲ ಅದರ ಕವಲುಗಳು. “ಸಗಣಿಯವನೊಡನೆ ಸರಸಕ್ಕಿಂತ ಗಂಧದವನೊಡನೆ ಗುದ್ದಾಟ ಲೇಸು” ಎಂಬ ಗಾದೆಯುಳ್ಳ ನಾಡಿನಲ್ಲಿ ಗಂಧದೊಡನೆ ಗುದ್ದಾಡಿದವರು ಇವರು.

ಆದರೆ ಇವರೆಲ್ಲ ತೂಗಿದ್ದು ಸೀಸೆಯೊಳಗಿನ ಗಂಧವನ್ನು. ಕಡಿದು, ಕುಟ್ಟಿ, ಬೇಯಿಸಿ ಇಳಿಸಿದ ಎಣ್ಣೆ ಅದು. ಬಯಲಿನಲ್ಲಿ ನಿಂತ ಜೀವಂತ ಗಿಡ ತಾನಾಗಿ ಗಾಳಿಗೆ ಏನನ್ನು ಬಿಡುತ್ತದೆ ಎಂಬುದು ಬೇರೆಯೇ ಪ್ರಶ್ನೆ.

ಆ ಪ್ರಶ್ನೆಯನ್ನು ಮೊದಮೊದಲು ಎತ್ತಿದ ಗಿಡಗಳಲ್ಲಿ ನಮ್ಮ ಹತ್ತಿಯೂ ಒಂದೆಂಬುದು ಆದೋನಿಯವರು ತಿಳಿದಿರಬೇಕಾದ ಸಂಗತಿ. ಅಮೆರಿಕದ ದಕ್ಷಿಣ ಸೀಮೆಯಲ್ಲಿ ಮೂತಿಹುಳು ಹತ್ತಿಯ ಬೆಳೆಯನ್ನು ನುಂಗಿಹಾಕುತ್ತಿತ್ತು. ಆ ಹುಳು ಹೊಲವನ್ನು ಹುಡುಕಿ ಬರುವುದು ಯಾವ ವಾಸನೆಯ ಜಾಡಿನಲ್ಲಿ ಎಂದು ಅರಿಯಲು ಅಲ್ಲಿನ ಕೃಷಿ ಇಲಾಖೆಯ ರಸಾಯನಜ್ಞರಾದ ಪವರ್ ಮತ್ತು ಚೆಸ್ನಟ್ ಹತ್ತಿಗಿಡದ ವಾಸನಾದ್ರವ್ಯಗಳ ಬೆನ್ನು ಹತ್ತಿದರು. ಬದುಕಿರುವ ಗಿಡದಿಂದಲೇ ಅಮೋನಿಯಾ ಮತ್ತು ಟ್ರೈಮಿಥೈಲ್ ಅಮೀನ್ ಎಂಬ ಅನಿಲಗಳು ಹೊಮ್ಮುತ್ತವೆಂದು ಅವರು ಪ್ರಕಟಿಸಿದ್ದು 1925ರಲ್ಲಿ, ಬೆಂಗಳೂರಿನವರ ಲೇಖನ ಬಂದ ವರ್ಷವೇ. ಬೆಂಗಳೂರಿನವರ ದೃಷ್ಟಿ ವ್ಯಾಪಾರದ ಮೇಲೆ, ಅವರದು ಹುಳುವಿನ ಮೇಲೆ. ವಿಜ್ಞಾನದ ಚರಿತ್ರೆಯಲ್ಲಿ ಶುದ್ಧ ಜಿಜ್ಞಾಸೆಯನ್ನೇ ಹೊಗಳುವವರಿದ್ದಾರೆ. ಈ ವಿಷಯದಲ್ಲಿ ಮಾತ್ರ ಹೊಟ್ಟೆಪಾಡು ಹೆಚ್ಚು ಕೆಲಸ ಮಾಡಿದೆ ಎಂದು ನನ್ನ ಅಭಿಪ್ರಾಯ.

ಮುಂದಿನ ತಿರುವು ಅನಾನಸಿನಿಂದ ಬಂದಿತು. ಹಾಲೆಂಡಿನಿಂದ ಹೋಗಿ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ನೆಲೆಸಿದ್ದ ಆರಿ ಹಾಗೆನ್-ಸ್ಮಿತ್ ಅನಾನಸಿನ ಪರಿಮಳವನ್ನು ಅತಿಶೀತದ ಕೊಳವೆಗಳಲ್ಲಿ ಹಿಡಿದು ಹನಿಯಾಗಿಸುವುದರಲ್ಲಿ ನಿಪುಣ. ಲಾಸ್ ಏಂಜಲೀಸ್ ನಗರದಲ್ಲಿ ಕಣ್ಣುರಿಸುವ ಹೊಗೆಮಂಜು ಕವಿಯತೊಡಗಿದಾಗ, ಹಣ್ಣಿನ ಬದಲು ಬೀದಿಯ ಗಾಳಿಯನ್ನೇ ಆ ಕೊಳವೆಗಳ ಮೂಲಕ ಎಳೆದ. ಸಿಕ್ಕಿದ್ದು ಕಂದು ಬಣ್ಣದ, ದುರ್ನಾತದ ರಸ. ಅದನ್ನು ಬಿಡಿಸಿ ನೋಡಿ 1952ರ ಹೊತ್ತಿಗೆ ಆತ ಹೇಳಿದ್ದು ಇದು: ಪೆಟ್ರೋಲಿನ ಆವಿಯೂ ವಾಹನಗಳ ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡುಗಳೂ ಬಿಸಿಲಿನಲ್ಲಿ ಬೆರೆತು ಓಜೋನ್ ಎಂಬ ಉಗ್ರ ಅನಿಲವಾಗುತ್ತದೆ, ಕಣ್ಣುರಿಗೂ ಬೆಳೆಯ ಎಲೆಗಳು ಸುಟ್ಟಂತಾಗುವುದಕ್ಕೂ ಈ ಬಿಸಿಲಿನ ಅಡುಗೆಯೇ ಕಾರಣ. ಓಜೋನನ್ನು ಅಳೆಯಲು ಆತ ಬಳಸಿದ ಉಪಾಯ ಹಳ್ಳಿಯ ಮೇಷ್ಟರಿಗೂ ಒಗ್ಗುವಂತಹುದು. ಬಗ್ಗಿಸಿ ಕಟ್ಟಿದ ರಬ್ಬರಿನ ಪಟ್ಟಿಗಳನ್ನು ಗಾಳಿಯಲ್ಲಿಟ್ಟು, ಎಷ್ಟು ಹೊತ್ತಿಗೆ ಬಿರುಕು ಬಿಡುತ್ತವೆ, ಬಿರುಕು ಎಷ್ಟು ಆಳ ಎಂದು ನೋಡುವುದು! ಮೇಲಿನ ಆಕಾಶದಲ್ಲಿ ಓಜೋನ್ ನಮ್ಮನ್ನು ಕಾಯುವ ಛತ್ರಿ. ನೆಲದ ಬಳಿ ಮೂಗು, ಎಲೆ, ರಬ್ಬರು ಯಾವುದನ್ನೂ ಬಿಡದ ವಿಷ. ಈ ಭೇದವನ್ನು ಪ್ರತಿವರ್ಷವೂ ತರಗತಿಯಲ್ಲಿ ಹೇಳಬೇಕಾಗುತ್ತಿತ್ತು, ಇಲ್ಲಿಯೂ ಹೇಳಿದ್ದೇನೆ.

ಅದೇ ಕ್ಯಾಲ್‌ಟೆಕ್ಕಿನಲ್ಲಿ ಹಾಗೆನ್-ಸ್ಮಿತ್‌ನ ಜೊತೆಗಾರನಾಗಿದ್ದವನು ಫ್ರಿಟ್ಸ್ ವೆಂಟ್; ಅವನೂ ಡಚ್ಚನೇ, ಸಸ್ಯದ ಬೆಳವಣಿಗೆಯ ಹಾರ್ಮೋನಾದ ಆಕ್ಸಿನ್ನನ್ನು ತೋರಿಸಿಕೊಟ್ಟು ಹೆಸರಾದವನು. ನಗರವಿಲ್ಲದ, ಮೋಟಾರಿಲ್ಲದ ಕಾಡುಬೆಟ್ಟಗಳ ಮೇಲೂ ಬೇಸಿಗೆಯಲ್ಲಿ ನೀಲಿ ಮಬ್ಬು ಕವಿಯುವುದೇಕೆ ಎಂಬುದು ಅವನ ಪ್ರಶ್ನೆ. ನಮ್ಮ ಜಿಲ್ಲೆಯಿಂದ ಪೂರ್ವಕ್ಕೆ ಹೋಗುವವರು ನಲ್ಲಮಲದ ಸಾಲನ್ನು ದೂರದಿಂದ ಕಂಡಾಗ ಇಂತಹ ಪ್ರಶ್ನೆಯನ್ನು ಕೇಳಬಹುದಿತ್ತು. ವೆಂಟ್ 1960ರಲ್ಲಿ ಉತ್ತರ ಕೊಟ್ಟ: ಗಿಡಮರಗಳು ಬಿಟ್ಟ ಟರ್ಪೀನ್ ಆವಿಗಳು ಬಿಸಿಲಿಗೆ ಮಾರ್ಪಟ್ಟು ಸೂಕ್ಷ್ಮ ಕಣಗಳಾಗುತ್ತವೆ, ಟಿಂಡಲ್ ಕೊಳವೆಯಲ್ಲಿ ಕಂಡ ನೀಲಿ ಮೋಡವೇ ಬೆಟ್ಟದ ಮೇಲೂ ಇರುವುದು. ಜಗತ್ತಿನ ಸಸ್ಯಗಳೆಲ್ಲ ಸೇರಿ ವರ್ಷಕ್ಕೆ ಸುಮಾರು 17.5 ಕೋಟಿ ಟನ್ ಆವಿಯನ್ನು ಬಿಡಬಹುದೆಂದೂ ಅಂದಾಜಿಸಿದ. ಅಂದು ನಂಬಿದವರು ಕಡಮೆ.

ಆ ಹೊತ್ತಿಗೆ ಸೋವಿಯತ್ ಜಾರ್ಜಿಯಾದಲ್ಲಿ ಗುಯಿವಿ ಸನಾದ್ಜೆ ಎಂಬ ಸಸ್ಯಶಾಸ್ತ್ರಜ್ಞ ಸದ್ದಿಲ್ಲದೆ ಇನ್ನೊಂದು ದೊಡ್ಡ ಸಂಗತಿಯನ್ನು ಕಂಡುಕೊಂಡಿದ್ದ. ಮರದ ಎಲೆಗಳು ಐಸೊಪ್ರೀನ್ ಎಂಬ ಆವಿಯನ್ನು ಬಿಡುತ್ತವೆಂದು 1957ರಲ್ಲಿ ಅವನು ಬರೆದ. ಐಸೊಪ್ರೀನ್ ಎಂಬ ಹೆಸರು ಹೊಸದಲ್ಲ. 1860ರಲ್ಲಿಯೇ ಗ್ರೆವಿಲ್ ವಿಲಿಯಮ್ಸ್ ರಬ್ಬರನ್ನು ಕಾಯಿಸಿ ಅದನ್ನು ಪಡೆದಿದ್ದ. ರಬ್ಬರು ಎಂದರೆ ಐಸೊಪ್ರೀನಿನ ಉದ್ದನೆಯ ಸರಪಳಿ. ಗಮನಿಸಿ: ಹಾಗೆನ್-ಸ್ಮಿತ್ ಓಜೋನನ್ನು ಅಳೆದದ್ದು ಈ ಸರಪಳಿ ಮುರಿಯುವುದನ್ನು ನೋಡಿಯೇ. ಐಸೊಪ್ರೀನಿಗೆ ಮೂಗು ಗುರುತಿಸುವಂತಹ ಪರಿಮಳ ಗಾಳಿಯಲ್ಲಿರುವುದಿಲ್ಲ. ಬಿಸಿಲು ಬಂದರೆ ಹೊರಡುತ್ತದೆ, ಕತ್ತಲಾದರೆ ನಿಲ್ಲುತ್ತದೆ, ಸೆಕೆ ಏರಿದಂತೆ ಏರುತ್ತ ಸುಮಾರು 40 ಡಿಗ್ರಿಯವರೆಗೂ ಹೆಚ್ಚುತ್ತದೆ. ತನ್ನ ಆಹಾರದಲ್ಲಿ ಒಂದೆರಡು ಪಾಲನ್ನು ಗಿಡ ಹೀಗೆ ಗಾಳಿಗೆ ಸುರಿಯುವುದೇಕೆ? ಬಿಸಿಲಿನ ಹೊಡೆತಕ್ಕೆ ಎಲೆ ಕೆಡದಂತೆ ಅದು ಕಾಯುತ್ತದೆ ಎಂದು ಅಮೆರಿಕದ ಟಾಮಸ್ ಶಾರ್ಕಿ 1995ರಲ್ಲಿ ವಾದಿಸಿದರು. ವೈಶಾಖದಲ್ಲಿ ನಮ್ಮೂರಿನ ನಡುಹಗಲನ್ನು ಕಂಡವರಿಗೆ ಆ ವಾದ ಅಸಂಭವವೆನಿಸದು.

ಸನಾದ್ಜೆಯ ಕೆಲಸದ ಅರಿವಿಲ್ಲದೆಯೇ ಐಸೊಪ್ರೀನನ್ನು ಮತ್ತೆ ಕಂಡವನು ವೆಂಟ್‌ನ ಶಿಷ್ಯ ರೈ ರಾಸ್‌ಮುಸೆನ್. ಗುರುಶಿಷ್ಯರಿಬ್ಬರೂ 1965ರಲ್ಲಿ ಹೊರಾಂಗಣದ ಗಾಳಿಯಲ್ಲಿಯೇ ಸಸ್ಯಮೂಲದ ಆವಿಗಳನ್ನು ಅಳೆದು ತೋರಿಸಿ, ಜಗತ್ತಿನ ಲೆಕ್ಕವನ್ನು 43.8 ಕೋಟಿ ಟನ್ನಿಗೆ ಏರಿಸಿದರು. 1995ರಲ್ಲಿ ಅಲೆಕ್ಸ್ ಗ್ವೆಂತರ್ ಮತ್ತು ಸಂಗಡಿಗರು ಕಟ್ಟಿದ ಲೆಕ್ಕ ಇಂಗಾಲದ ತೂಕವೊಂದರಲ್ಲೇ 115 ಕೋಟಿ ಟನ್. ಅದರಲ್ಲಿ ಅರ್ಧಕ್ಕೆ ತುಸು ಕಡಮೆ ಐಸೊಪ್ರೀನ್. ಮನುಷ್ಯನ ಕಾರ್ಖಾನೆ, ವಾಹನಗಳಿಂದ ಹೊರಡುವ ಇಂತಹ ಆವಿಗಳಿಗಿಂತ ಇದು ಹಲವು ಪಟ್ಟು ದೊಡ್ಡದು.

ಇಷ್ಟೊಂದು ಟನ್ನುಗಳು ಗಾಳಿಯಲ್ಲಿ ಹರಡಿದಾಗ ಉಳಿಯುವುದು ಎಷ್ಟು? ಕಾಡಿನ ಗಾಳಿಯಲ್ಲಿಯೂ ನೂರು ಕೋಟಿ ಪಾಲಿಗೆ ಕೆಲವೇ ಪಾಲು. ಜೋಳದ ಕಾಳಿನಲ್ಲಿ ಹೇಳುವುದಾದರೆ, ನೂರು ಕೋಟಿ ಕಾಳು ಎಂದರೆ ಸುಮಾರು 300 ಕ್ವಿಂಟಲ್. ಆ ರಾಶಿಯಲ್ಲಿ ಒಂದೇ ಒಂದು ಬೇರೆ ಕಾಳನ್ನು ಹುಡುಕಿ ತೆಗೆಯುವ ಕೆಲಸ ಇದು. ಅದನ್ನು ಸಾಧ್ಯವಾಗಿಸಿದ್ದು 1952ರಲ್ಲಿ ಇಂಗ್ಲೆಂಡಿನ ಜೇಮ್ಸ್ ಮತ್ತು ಮಾರ್ಟಿನ್ ರೂಪಿಸಿದ ಗ್ಯಾಸ್ ಕ್ರೊಮ್ಯಾಟೊಗ್ರಫಿ. ಉದ್ದನೆಯ ಸಣ್ಣ ಕೊಳವೆಯೊಂದರಲ್ಲಿ ಬೆರಕೆ ಆವಿಯನ್ನು ಓಡಿಸಿದರೆ ಪ್ರತಿಯೊಂದು ಆವಿಯೂ ಒಳಗಿನ ಲೇಪಕ್ಕೆ ತನ್ನದೇ ಮಟ್ಟಿಗೆ ಅಂಟಿಕೊಂಡು, ಒಂದು ಮುಂದೆ, ಒಂದು ಹಿಂದೆ ಹೊರಬರುತ್ತದೆ. ಜಾತ್ರೆಯಿಂದ ಹೊರಟ ಜನ ಒಂದೇ ದಾರಿಯಲ್ಲಿ ನಡೆದರೂ ಅಂಗಡಿಗಳ ಮುಂದೆ ನಿಲ್ಲುವ ಚಪಲ ಒಬ್ಬೊಬ್ಬರಿಗೆ ಒಂದೊಂದು ಬಗೆಯಾದ್ದರಿಂದ ಊರು ಸೇರುವ ಹೊತ್ತು ಬೇರೆಬೇರೆಯಾಗುವಂತೆ. ದಾರಿಯ ಕೊನೆಯಲ್ಲಿ ಪುಟ್ಟ ಉರಿಯೊಂದಿದ್ದು, ಬಂದ ಆವಿ ಅದರಲ್ಲಿ ಸುಟ್ಟಾಗ ಹುಟ್ಟುವ ವಿದ್ಯುತ್ತಿನಿಂದ ಅದರ ಪ್ರಮಾಣ ತಿಳಿಯುತ್ತದೆ.

ಮರದ ಬಳಿಯ ಕೆಲಸ ಹೀಗೆ. ಕೊಂಬೆಯೊಂದನ್ನು ಪಾರದರ್ಶಕ ಚೀಲದೊಳಗೆ ಸೇರಿಸಿ, ಶುದ್ಧಗಾಳಿಯನ್ನು ಅಳತೆಯಾಗಿ ಒಳಗೆ ಬಿಟ್ಟು, ಹೊರಬರುವ ಗಾಳಿಯನ್ನು ಟೆನಾಕ್ಸ್ ಮೊದಲಾದ ಹೀರುಪುಡಿ ತುಂಬಿದ ಬೆರಳುದ್ದದ ನಳಿಕೆಯ ಮೂಲಕ ಎಳೆಯುತ್ತಾರೆ. ಆವಿ ಪುಡಿಗೆ ಅಂಟುತ್ತದೆ. ಪ್ರಯೋಗಶಾಲೆಯಲ್ಲಿ ನಳಿಕೆಯನ್ನು ಕಾಯಿಸಿದರೆ ಬಿಟ್ಟುಕೊಡುತ್ತದೆ. ಕೊನೆಗೆ ಆ ಕೊಂಬೆಯ ಎಲೆಗಳನ್ನು ಕಿತ್ತು ಒಣಗಿಸಿ ತೂಗಿ, ಒಂದು ಗ್ರಾಂ ಒಣ ಎಲೆಗೆ ಗಂಟೆಗೆ ಇಷ್ಟು ಎಂದು ಬರೆಯುತ್ತಾರೆ. ಬಯಲಗಾಳಿಯನ್ನು ಅಳೆಯುವುದು ಇನ್ನೂ ಕಷ್ಟ. ಹಗಲಿನಲ್ಲಿ ಐಸೊಪ್ರೀನಿನ ಆಯುಷ್ಯ ಒಂದೆರಡು ಗಂಟೆ; ಗಾಳಿಯಲ್ಲಿನ ಓಜೋನ್ ನಳಿಕೆಯೊಳಗೂ ನುಗ್ಗಿ ಹಿಡಿದಿಟ್ಟ ಟರ್ಪೀನನ್ನು ತಿಂದುಹಾಕುವುದರಿಂದ ಮೊದಲು ಅದನ್ನು ಸೋಸಬೇಕು. ಹೀಗೆ ಸೋರುವ ಕೊಡದಲ್ಲಿ ನೀರು ಅಳೆಯುವ ಪಾಡು. 1990ರ ದಶಕದಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್ಕಿನ ವರ್ನರ್ ಲಿಂಡಿಂಗರ್ ಇದಕ್ಕೆ ಬೇರೆ ದಾರಿ ತೆರೆದರು. ಪ್ರೋಟಾನನ್ನು ಹೊತ್ತ ನೀರಿನ ಅಯಾನುಗಳು ಗಾಳಿಯಲ್ಲಿನ ಸಾರಜನಕ, ಆಮ್ಲಜನಕಗಳನ್ನು ಮುಟ್ಟದೆ ಈ ಆವಿಗಳಿಗೆ ಮಾತ್ರ ಪ್ರೋಟಾನನ್ನು ದಾಟಿಸುತ್ತವೆ. ಅದರಿಂದ ಸೆಕೆಂಡು ಸೆಕೆಂಡಿಗೂ ಲೆಕ್ಕ ಸಿಗುತ್ತದೆ. ಆದರೆ ಒಂದೇ ತೂಕದ ಎರಡು ಟರ್ಪೀನುಗಳನ್ನು ಆ ಯಂತ್ರ ಬೇರೆಮಾಡಿ ಹೇಳಲಾರದು. ಅದಕ್ಕೆ ಹಳೆಯ ಕೊಳವೆಯೇ ಬೇಕು.

ಭಾರತದ ಮರಗಳ ಲೆಕ್ಕ ಇಂದಿಗೂ ಬೆರಳೆಣಿಕೆಯ ಕೈಗಳಲ್ಲಿ ನಡೆಯುತ್ತಿದೆ. ಅವುಗಳಲ್ಲಿ ನನಗೆ ಮೆಚ್ಚುಗೆಯಾದದ್ದು ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದ ಪಾಢಿ ಮತ್ತು ವಾರ್ಷ್ನೆ ಅವರು 2005ರಲ್ಲಿ ಪ್ರಕಟಿಸಿದ್ದು, ಏಕೆಂದರೆ ಅವರು ಆಯ್ದುಕೊಂಡ ಒಂಬತ್ತು ಮರಗಳು ನಮ್ಮ ಊರಿನವೇ. ನೀಲಗಿರಿ, ಆಲ, ಅರಳಿ, ಮಾವು, ಹುಚ್ಚುಬೇವು, ನೇರಳೆ ಈ ಆರರಲ್ಲಿ ಐಸೊಪ್ರೀನ್ ಸಿಕ್ಕಿತು. ಬೇವು, ಕಕ್ಕೆ, ಹಾಲೆಮರ ಮೂರರಲ್ಲಿ ಸಿಗಲಿಲ್ಲ, ಅಥವಾ ಅಳತೆಗೆ ಎಟುಕಲಿಲ್ಲ. ಎಲ್ಲಕ್ಕಿಂತ ಹೆಚ್ಚು ಬಿಟ್ಟದ್ದು ಅರಳಿ: ಐದು ಋತುಗಳ ಸರಾಸರಿಯಲ್ಲಿ ಒಂದು ಗ್ರಾಂ ಒಣ ಎಲೆಗೆ ಗಂಟೆಗೆ 10.2 ಮೈಕ್ರೋಗ್ರಾಂ. ಈ ಅಂಕೆಯನ್ನು ನಮ್ಮ ಅಕ್ಕಸಾಲಿಗರ ಭಾಷೆಗೆ ತಂದು ನೋಡಿದೆ. ಒಂದು ಕಿಲೋ ಒಣತೂಕದ ಅರಳಿ ಎಲೆಗಳು ಮರದ ಮೇಲಿದ್ದು ಇದೇ ಪ್ರಮಾಣದಲ್ಲಿ ಹನ್ನೆರಡು ಗಂಟೆ ಬಿಟ್ಟರೆ, ಒಟ್ಟು ತೂಕ ಒಂದು ಗುಲಗಂಜಿಯಷ್ಟು. ನಾಗರಕಟ್ಟೆಯ ಅರಳಿಮರ ಎಲೆಯಾಡಿಸುತ್ತ ನಿಂತಾಗ ಏನನ್ನೋ ಕೊಡುತ್ತಿದೆ ಎಂದು ನಮ್ಮ ಹೆಂಗಳೆಯರು ನಂಬಿ ಪ್ರದಕ್ಷಿಣೆ ಹಾಕುತ್ತಾರೆ. ಕೊಡುತ್ತಿರುವ ಹಲವುಗಳಲ್ಲಿ ಒಂದರ ತೂಕ ಸಿಕ್ಕಂತಾಯಿತು.

ಇಲ್ಲಿಂದ ಒಂದು ವಿವಾದ ಹುಟ್ಟುತ್ತದೆ. ಮರಗಳೇ ಆವಿ ಬಿಡುವವಾದರೆ ಓಜೋನಿಗೆ ಅವೇ ಕಾರಣವಲ್ಲವೆ? 1980ರ ಅಮೆರಿಕದ ಚುನಾವಣೆಯ ಕಾಲದಲ್ಲಿ ರೊನಾಲ್ಡ್ ರೇಗನ್ ವಾಯುಮಾಲಿನ್ಯದ ದೊಡ್ಡ ಪಾಲನ್ನು ಸಸ್ಯಗಳ ತಲೆಗೆ ಕಟ್ಟಿದರು. ವಿದ್ಯಾರ್ಥಿಗಳು ಮರವೊಂದಕ್ಕೆ, ಮತ್ತೆ ಕೊಲ್ಲುವ ಮುನ್ನ ನನ್ನನ್ನು ಕಡಿದುಬಿಡಿ ಎಂಬ ಅರ್ಥದ ಫಲಕವನ್ನು ತೂಗಹಾಕಿ ಹಾಸ್ಯಮಾಡಿದರು. ಹಾಸ್ಯವೇನೋ ಚೆನ್ನಾಗಿತ್ತು, ಆದರೆ ಅಳತೆ ಇಬ್ಬರಿಗಿಂತಲೂ ಸೂಕ್ಷ್ಮವಾದದ್ದನ್ನು ಹೇಳಿತು. ಅಟ್ಲಾಂಟಾ ನಗರದ ಕುರಿತು ಛಮೈಡಿಸ್ ಮತ್ತು ಸಂಗಡಿಗರು 1988ರಲ್ಲಿ ತೋರಿಸಿದಂತೆ, ಮರಗಳ ಆವಿಯನ್ನು ಲೆಕ್ಕಕ್ಕೆ ಹಿಡಿದರೆ ಓಜೋನನ್ನು ತಗ್ಗಿಸಲು ಹಿಡಿತದಲ್ಲಿಡಬೇಕಾದದ್ದು ನೈಟ್ರೋಜನ್ ಆಕ್ಸೈಡುಗಳನ್ನು. ಅವು ಹುಟ್ಟುವುದು ಎಂಜಿನುಗಳಲ್ಲಿ, ಬೆಂಕಿಯಲ್ಲಿ. ಅವು ಇಲ್ಲದ ಶುದ್ಧಗಾಳಿಯಲ್ಲಿ ಐಸೊಪ್ರೀನ್ ಓಜೋನನ್ನು ತಾನೇ ತಿಂದು ಕಡಮೆ ಮಾಡುತ್ತದೆ. ಅವು ಬೆರೆತ ಗಾಳಿಯಲ್ಲಿ ಅದೇ ಐಸೊಪ್ರೀನ್ ಓಜೋನನ್ನು ಬೆಳೆಸುತ್ತದೆ. ಅರಳಿಮರ ಎರಡೂ ಕಡೆ ಬಿಟ್ಟದ್ದು ಒಂದೇ.

ಪಂಜಾಬಿನ ಮೊಹಾಲಿಯಲ್ಲಿರುವ ಐಸರ್ ಸಂಸ್ಥೆಯಲ್ಲಿ ವಿನಾಯಕ ಸಿನ್ಹಾ ಮತ್ತು ಸಂಗಡಿಗರು ಲಿಂಡಿಂಗರ್ ಮಾದರಿಯ ಯಂತ್ರವನ್ನಿಟ್ಟು ಬಯಲಗಾಳಿಯನ್ನು ಅಳೆಯುತ್ತ ಬಂದಿದ್ದಾರೆ. ಮುಂಗಾರಿಗೆ ಮುಂಚಿನ ಬೇಸಿಗೆಯಲ್ಲಿ ಅಲ್ಲಿ ಓಜೋನ್ ಏರುವುದನ್ನೂ ಪೈರಿನ ಕೂಳೆ ಸುಡುವ ಹೊಗೆಯ ಪಾಲನ್ನೂ ಅವರು 2014ರಲ್ಲಿ ವರದಿ ಮಾಡಿದರು. ಮರುವರ್ಷ ಅದೇ ಸಂಸ್ಥೆಯಿಂದ ಬಂದ ಇನ್ನೊಂದು ಅಧ್ಯಯನ ಎರಡು ವರ್ಷಗಳ ಓಜೋನ್ ಅಳತೆಯಿಂದ ಪಂಜಾಬ್, ಹರಿಯಾಣಗಳ ಬೆಳೆಹಾನಿಯನ್ನು ಅಂದಾಜು ಕಟ್ಟಿತು. ಗೋಧಿ, ಭತ್ತ, ಮುಸುಕಿನ ಜೋಳ ಎಲ್ಲಕ್ಕಿಂತ ಹೆಚ್ಚಿನ ಪೆಟ್ಟು ಹತ್ತಿಗೆ. ಇಳುವರಿಯಲ್ಲಿ ಹೆಚ್ಚುಕಡಮೆ ಅರ್ಧ! ಅದು ಅಲ್ಲಿಯ ಗಾಳಿಯ ಲೆಕ್ಕ, ಇಲ್ಲಿಗೆ ಹಾಗೆಯೇ ಹೊಂದದು. ಆದರೆ ಹತ್ತಿ ಬಿಡಿಸಿದ ಬಳಿಕ ಕಟ್ಟಿಗೆಯನ್ನು ಹೊಲದಲ್ಲಿಯೇ ರಾಶಿ ಹಾಕಿ ಬೆಂಕಿ ಕೊಡುವ ನಮ್ಮ ಕೌತಾಳಂ, ಹೊಳಗುಂದದ ಕಡೆಯವರು ಆ ವರದಿಯನ್ನು ಒಮ್ಮೆ ಕೇಳಿಸಿಕೊಳ್ಳಬೇಕು. ಹತ್ತಿಯ ತಿಂಗಳುಗಳಲ್ಲಿ ಬೆಂಚುಗಳು ಬರಿದಾಗಿ, ಹಾಜರಿ ಪುಸ್ತಕ ಗೀಟುಗಳಿಂದ ತುಂಬುವುದನ್ನು ವರ್ಷವರ್ಷವೂ ಕಂಡವನು ನಾನು. ಆದೋನಿಯ ಮಾರುಕಟ್ಟೆಯಲ್ಲಿ ಧಾರಣೆ ಬಿದ್ದರೂ ಇಳುವರಿ ಬಿದ್ದರೂ ಮೊದಲು ನಿಲ್ಲುವುದು ಮಗಳ ಓದು.

ಹತ್ತಿಯ ಮಾತು ಇಷ್ಟಕ್ಕೆ ಮುಗಿಯಲಿಲ್ಲ. ಪವರ್, ಚೆಸ್ನಟ್ ಅವರ ಪ್ರಶ್ನೆಯನ್ನು ಎಪ್ಪತ್ತು ವರ್ಷಗಳ ಮೇಲೆ ಅದೇ ಇಲಾಖೆಯ ಟಮ್ಲಿನ್‌ಸನ್, ಲೂಯಿಸ್ ಮೊದಲಾದವರು ಮತ್ತೆ ಕೈಗೆತ್ತಿಕೊಂಡರು. ಹತ್ತಿಗಿಡಕ್ಕೆ ಗುರುತು ಹಾಕಿದ ಇಂಗಾಲವಿರುವ ಗಾಳಿಯನ್ನು ಉಣಿಸಿ, ಮೇಲೆ ಹುಳುವನ್ನು ಬಿಟ್ಟು ನೋಡಿದಾಗ, ಹುಳು ಕಡಿದ ಮೇಲೆ ಗಿಡ ಕೆಲವು ಟರ್ಪೀನುಗಳನ್ನು ಹೊಸದಾಗಿಯೇ ತಯಾರಿಸಿ ಬಿಡುತ್ತದೆಂದು ಪಾರೆ ಮತ್ತು ಟಮ್ಲಿನ್‌ಸನ್ 1997ರಲ್ಲಿ ತೋರಿಸಿದರು. ಯಾರಿಗಾಗಿ? ಆ ಹುಳುವಿನ ಮೈಯೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಪುಟ್ಟ ಕಣಜಕ್ಕಾಗಿ. 1998ರಲ್ಲಿ ಡಿ ಮೊರೇಸ್ ಮತ್ತು ಸಂಗಡಿಗರು ಹೇಳಿದ್ದು ಇನ್ನೂ ಸೋಜಿಗದ್ದು. ನೋಡಲು ಒಂದೇ ತೆರನಾದ ಎರಡು ಜಾತಿಯ ಕಾಯಿಕೊರಕಗಳಲ್ಲಿ ಯಾವುದು ಕಡಿಯಿತೆಂಬುದಕ್ಕೆ ತಕ್ಕಂತೆ ಗಿಡದ ಆವಿಯ ಬೆರಕೆ ಬದಲಾಗುತ್ತದೆ. ತನಗೆ ಬೇಕಾದ ಹುಳುವಿರುವ ಗಿಡಕ್ಕೇ ಕಣಜ ಹಾರಿಬರುತ್ತದೆ.

ಈ ಕರೆಯಲ್ಲಿ ಕ್ಯಾರಿಯೊಫಿಲ್ಲೀನ್ ಎಂಬ ಟರ್ಪೀನೂ ಸೇರಿದೆ. ಓಜೋನ್ ಬೆರೆತ ಗಾಳಿಯಲ್ಲಿ ಅದು ಬಾಳುವುದು ಕೆಲವೇ ನಿಮಿಷ. ಎಂದರೆ ಹೊಗೆ ಕವಿದ ಬಿಸಿಲಿನಲ್ಲಿ ಗಿಡ ಕೂಗಿದರೂ ದನಿ ದೂರ ಹೋಗದು. ಕೇಳಿ ಬಂದ ಕಣಜವನ್ನು ನಮ್ಮ ಬೆನ್ನಿನ ಮೇಲಿನ ಸಿಂಪಡಣೆಯ ಡಬ್ಬಿ ಕೊಲ್ಲುತ್ತದೆ. 1997–98ರಲ್ಲಿ ವರಂಗಲ್ಲಿನ ಕಡೆ ಹುಳುವಿಗೂ ಸಾಲಕ್ಕೂ ಸಿಕ್ಕಿ ಹತ್ತಿ ರೈತರು ಅದೇ ಔಷಧಿಯನ್ನು ಕುಡಿದ ಸುದ್ದಿಗಳನ್ನು ಓದಿದ ತಲೆಮಾರು ನಮ್ಮದು. 2002ರಲ್ಲಿ ಬಿ.ಟಿ. ಹತ್ತಿ ಬಂದಾಗ ಸಿಂಪಡಣೆಯ ಕಾಲ ಮುಗಿಯಿತೆಂದರು; ಗುಲಾಬಿ ಕಾಯಿಕೊರಕ ಅದನ್ನೂ ಅರಗಿಸಿಕೊಂಡಿತು. ಈ ಎಲ್ಲ ವರ್ಷಗಳಲ್ಲಿ ಗಿಡ ತನ್ನ ಪಾಲಿನ ಆವಿಯನ್ನು ಬಿಡುತ್ತಲೇ ಇದ್ದಿತು.

ಕಡೆಯದಾಗಿ ನಮ್ಮ ಎರೆಭೂಮಿಯ ವಿಚಾರ. ತಾರ್ಕಿಕರು ಗಂಧವನ್ನು ಪೃಥಿವಿಗೆ ಒಪ್ಪಿಸಿದ್ದರಷ್ಟೆ. ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆಯ ಮೂಲವನ್ನು ಆಸ್ಟ್ರೇಲಿಯಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಹುಡುಕಿ, 1964ರಲ್ಲಿ ಅದಕ್ಕೆ ಪೆಟ್ರಿಕೋರ್ ಎಂಬ ಹೆಸರಿಟ್ಟರು. ಬೇಸಿಗೆಯುದ್ದಕ್ಕೂ ಬಿಸಿಲಿಗೆ ಒಣಗಿದ ಕಲ್ಲು ಜೇಡಿಗಳನ್ನು ಹಬೆಯಲ್ಲಿ ಬಟ್ಟಿ ಇಳಿಸಿದಾಗ ಅವರಿಗೆ ಹಳದಿ ಬಣ್ಣದ ಎಣ್ಣೆ ಸಿಕ್ಕಿತು. ಗಾಳಿಯಲ್ಲಿ ತೇಲುವ ಸಸ್ಯಾದಿಗಳ ಆವಿಗಳನ್ನು ಒಣಮಣ್ಣು ತಿಂಗಳುಗಟ್ಟಲೆ ಹೀರಿ ಇಟ್ಟುಕೊಂಡಿರುತ್ತದೆ. ತೇವ ತಾಗಿದೊಡನೆ ಬಿಟ್ಟುಕೊಡುತ್ತದೆ. ಉತ್ತರಪ್ರದೇಶದ ಅತ್ತರುಗಾರರು ಇದನ್ನು ಬಹುಹಿಂದಿನಿಂದ ಬಲ್ಲರು. ಕನೌಜಿನಲ್ಲಿ ಜೇಡಿಮಣ್ಣನ್ನು ಬಟ್ಟಿ ಇಳಿಸಿ, ಆ ಕಂಪನ್ನು ಶ್ರೀಗಂಧದೆಣ್ಣೆಯಲ್ಲಿ ಹಿಡಿದು ಮಿಟ್ಟಿ ಅತ್ತರ್ ಎಂದು ಮಾರುತ್ತಾರೆ. ವಿಜ್ಞಾನಿಯ ಬೆರಳುದ್ದದ ನಳಿಕೆಯಲ್ಲಿ ಹೀರುಪುಡಿ ಮಾಡುವ ಕೆಲಸವನ್ನೇ ಆದೋನಿಯಿಂದ ಆಲೂರಿನವರೆಗೆ ಹಬ್ಬಿದ ಬಿರುಕುಬಿಟ್ಟ ಎರೆಯೂ ಮಾಡುತ್ತಿದೆ. ಮಣ್ಣಿನ ವಾಸನೆಯಲ್ಲಿ ಸೂಕ್ಷ್ಮಜೀವಿಗಳು ತಯಾರಿಸುವ ಜಿಯೊಸ್ಮಿನ್ ಎಂಬ ಇನ್ನೊಂದು ದ್ರವ್ಯವೂ ಬೆರೆತಿದೆಯೆಂದು 1965ರಲ್ಲಿ ತಿಳಿಯಿತು. ಹನಿ ಬಿದ್ದ ಜಾಗದಲ್ಲಿ ಏಳುವ ಗುಳ್ಳೆಗಳು ಒಡೆದು ಆ ಕಂಪನ್ನು ಗಾಳಿಗೆ ಎರಚುವುದನ್ನು ಅಮೆರಿಕದ ಎಂ.ಐ.ಟಿ.ಯವರು 2015ರಲ್ಲಿ ಅತಿವೇಗದ ಕ್ಯಾಮೆರಾದಿಂದ ಚಿತ್ರಿಸಿದರು.

ಬೇರ್ ಮತ್ತು ಥಾಮಸ್ 1965ರಲ್ಲಿ ಇನ್ನೊಂದು ಸಂಗತಿಯನ್ನೂ ಬರೆದಿದ್ದಾರೆ. ಮಣ್ಣಿನಿಂದ ಇಳಿಸಿದ ಆ ಎಣ್ಣೆಯಿದ್ದರೆ ಬೀಜ ಮೊಳೆಯುವುದು ತಡವಾಗುತ್ತದೆ. ಮಿರಗದ ಮೊದಲ ಹನಿಗೆ ನೆಲ ಘಮ್ಮೆಂದ ಮಾತ್ರಕ್ಕೆ ನಮ್ಮ ಒಕ್ಕಲಿಗ ಕೂರಿಗೆ ಹೂಡುವುದಿಲ್ಲ. ಅವನು ನೋಡುವುದು ತೇವವನ್ನು. ಹೊಲದಲ್ಲಿ ಕೂತು ಮಣ್ಣನ್ನು ಗೇಣುದ್ದ ಕೆದಕಿ, ಹಿಡಿಯಲ್ಲಿ ಉಂಡೆ ಕಟ್ಟಿ, ಹದ ಬರಲಿಲ್ಲವೆಂದು ಎದ್ದು ಬರುತ್ತಾನೆ.